ಹೃದಯ ಬಡಿತದ ಏರುಪೇರು ಮತ್ತು ವ್ಯಾಯಾಮದ ಹೊಸ್ತಿಲುಗಳು

ವ್ಯಾಯಾಮದಿಂದ ದೇಹ ಬಲಗೊಳ್ಳುತ್ತದೆ ಎಂಬುದು ಸರ್ವವಿದಿತವಾದ ಸಂಗತಿ. ಆದರೆ ಯಾರಿಗೆ ಎಷ್ಟು ತೀವ್ರತೆಯ ವ್ಯಾಯಾಮ ಹಿತಕರ ಎಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ದಣಿವೇ ಆಗದಂಥ ದುಡಿಮೆಯಿಂದ ದೇಹ ಹೊಸದೇನನ್ನೂ ಕಲಿಯದು; ಅಳತೆ ಮೀರಿದ ದುಡಿಮೆಯಿಂದ ಗಳಿಸಿದ್ದನ್ನೂ ಕಳೆದುಕೊಳ್ಳುತ್ತದೆ. ಶಾಲೆಯ ಆಟದ ಬಯಲಿನಲ್ಲಿ ನಲವತ್ತು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಸೀಟಿಗೆ, ಒಂದೇ ವೇಗದಲ್ಲಿ, ಒಂದೇ ದೂರವನ್ನು ಓಡಿಸಿದಾಗ ಆ ಓಟ ಒಬ್ಬನಿಗೆ ನಡಿಗೆಯಷ್ಟು ಹಗುರವಾಗಿರುತ್ತದೆ, ಮತ್ತೊಬ್ಬನಿಗೆ ಉಸಿರು ಕಟ್ಟುವಷ್ಟು ಭಾರವಾಗಿರುತ್ತದೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಓಡುತ್ತಿದ್ದಾರೆ. ಒಳಗೆ ನಡೆಯುತ್ತಿರುವ ಕೆಲಸ ಮಾತ್ರ ಬೇರೆ ಬೇರೆ. ಹಿಂದೆ ಬಿದ್ದವನನ್ನು ಸೋಮಾರಿಯೆಂದು ಕರೆದು ತಂಡದಿಂದ ಕೈಬಿಡುವುದೂ ಉಂಟು. ವಾಸ್ತವದಲ್ಲಿ ಆತ ಉಳಿದವರೆಲ್ಲರಿಗಿಂತ ಹೆಚ್ಚು ಶ್ರಮಪಟ್ಟಿರಬಹುದು.

ಒಳಗಿನ ಈ ಶ್ರಮವನ್ನು ಅರಿಯುವ ಬಗೆ ಹೇಗೆ? ನಾಡಿಯ ನಡೆಯಿಂದ ದೇಹಸ್ಥಿತಿಯನ್ನು ತಿಳಿಯುವ ಪ್ರಯತ್ನ ಭಾರತದಲ್ಲಿ ಬಹು ಹಿಂದಿನದು. ಶಾರ್ಙ್ಗಧರ ಸಂಹಿತೆಯು ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸ ಮೊದಲಾದ ಜೀವಿಗಳ ನಡಿಗೆಗೆ ಹೋಲಿಸಿ ವಿವರಿಸುತ್ತದೆ. ಅಲ್ಲಿ ಗಮನಾರ್ಹವಾದುದೆಂದರೆ, ವೈದ್ಯನು ಕೇವಲ ಬಡಿತಗಳ ಸಂಖ್ಯೆಯನ್ನು ಎಣಿಸುವುದಿಲ್ಲ, ಅವುಗಳ ನಡಿಗೆಯ ರೀತಿಯನ್ನು ಗುರುತಿಸುತ್ತಾನೆ. ಆಯುರ್ವೇದದ ತತ್ತ್ವವೂ ಇಂದಿನ ಶರೀರಕ್ರಿಯಾ ವಿಜ್ಞಾನದ ತತ್ತ್ವವೂ ಬೇರೆ ಬೇರೆ. ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಸರಿಯಲ್ಲ. ಆದರೂ ಸಂಖ್ಯೆಗಿಂತ ನಡಿಗೆಯ ರೀತಿ ಹೆಚ್ಚನ್ನು ಹೇಳಬಲ್ಲದೆಂಬ ಮಾತಿಗೆ ಇತ್ತೀಚಿನ ಕ್ರೀಡಾ ವಿಜ್ಞಾನವೂ ತನ್ನದೇ ದಾರಿಯಿಂದ ಬಂದು ಸೇರಿದೆ. ಆ ದಾರಿಯನ್ನು ಇಲ್ಲಿ ಸ್ಥೂಲವಾಗಿ ಪರಿಶೀಲಿಸಬಹುದು.

ಒಂದೇ ಸೂತ್ರದ ಕೊರತೆ

ವ್ಯಾಯಾಮದ ತೀವ್ರತೆಯನ್ನು ನಿರ್ಧರಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರವೊಂದಿದೆ. 220ರಿಂದ ವಯಸ್ಸನ್ನು ಕಳೆದರೆ ನಿಮಿಷಕ್ಕೆ ಹೃದಯದ ಗರಿಷ್ಠ ಬಡಿತ ದೊರೆಯುತ್ತದೆಂದೂ, ಅದರ ಇಂತಿಷ್ಟು ಶೇಕಡಾ ಭಾಗದಲ್ಲಿ ವ್ಯಾಯಾಮ ಮಾಡಬೇಕೆಂದೂ ಅದು ಹೇಳುತ್ತದೆ. 1971ರಲ್ಲಿ ಫಾಕ್ಸ್, ನಾಟನ್ ಮತ್ತು ಹ್ಯಾಸ್ಕೆಲ್ ಎಂಬ ಅಮೆರಿಕದ ವಿದ್ವಾಂಸರ ಲೇಖನದಿಂದ ಇದು ಪ್ರಚಾರಕ್ಕೆ ಬಂದಿತು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಹೆಚ್ಚಿನ ಮಾಹಿತಿಯನ್ನು ಒಟ್ಟುಗೂಡಿಸಿ, 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಭಾಗವನ್ನು ಕಳೆಯುವ ಬೇರೊಂದು ಸೂತ್ರವನ್ನು ಸೂಚಿಸಿದರು. ಎರಡೂ ಸೂತ್ರಗಳು ಜನಸಮೂಹದ ಸರಾಸರಿಯನ್ನು ಹೇಳುತ್ತವೆಯೇ ಹೊರತು ಎದುರಿಗೆ ನಿಂತಿರುವ ಒಬ್ಬ ವ್ಯಕ್ತಿಯನ್ನು ಕುರಿತು ಹೇಳುವುದಿಲ್ಲ. ಒಂದೇ ವಯಸ್ಸಿನ ಆರೋಗ್ಯವಂತರಲ್ಲಿ ಗರಿಷ್ಠ ಬಡಿತವು ಸರಾಸರಿಯಿಂದ ಹತ್ತು ಹನ್ನೆರಡರಷ್ಟು ಅತ್ತಿತ್ತ ಇರುವುದು ತೀರ ಸಾಮಾನ್ಯ.

ಉದಾಹರಣೆಗೆ, 16 ವರ್ಷದ ಇಬ್ಬರು ಬಾಲಕರನ್ನು ಕಲ್ಪಿಸಿಕೊಳ್ಳಬಹುದು. ಹಳೆಯ ಸೂತ್ರದಂತೆ ಇಬ್ಬರ ಗರಿಷ್ಠ ಬಡಿತವೂ 204. ಅದರ ಶೇಕಡಾ 75 ಎಂದರೆ 153. ಮೊದಲನೆಯವನ ನಿಜವಾದ ಗರಿಷ್ಠ ಬಡಿತ 190 ಎಂದಿಟ್ಟುಕೊಂಡರೆ 153 ಅವನಿಗೆ ಶೇಕಡಾ 80ನ್ನು ಮೀರಿದ ಶ್ರಮ. ಎರಡನೆಯವನದು 212 ಆದರೆ ಅದೇ 153 ಅವನಿಗೆ ಶೇಕಡಾ 72ರಷ್ಟು ಮಾತ್ರ. ಇಷ್ಟೇ ಅಲ್ಲ. ಇಬ್ಬರ ಗರಿಷ್ಠ ಬಡಿತ ಒಂದೇ ಆಗಿದ್ದರೂ, ದೇಹ ಸುಖವಾಗಿ ದುಡಿಯಬಲ್ಲ ಮಿತಿ ಇಬ್ಬರಲ್ಲಿ ಒಂದೇ ಎಡೆಯಲ್ಲಿರಬೇಕೆಂಬ ನಿಯಮವಿಲ್ಲ. ಅಭ್ಯಾಸ, ಪೋಷಣೆ, ಹುಟ್ಟುಗುಣಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ಆದುದರಿಂದ ಹುಡುಕಬೇಕಾದುದು ಗರಿಷ್ಠ ಬಡಿತವನ್ನಲ್ಲ. ಆಯಾ ದೇಹದಲ್ಲಿ ದುಡಿಮೆಯ ಸ್ವರೂಪವೇ ಬದಲಾಗುವ ಹಂತಗಳನ್ನು. ಅವುಗಳಿಗೆ ಹೊಸ್ತಿಲುಗಳು ಎಂದು ಹೆಸರು.

ಎರಡು ಹೊಸ್ತಿಲುಗಳು

ಮನುಷ್ಯನ ಸ್ನಾಯುಗಳು ಕೊಬ್ಬು ಮತ್ತು ಶರ್ಕರಗಳನ್ನು ಆಮ್ಲಜನಕದ ನೆರವಿನಿಂದ ಉರಿಸಿ ಶಕ್ತಿಯನ್ನು ಪಡೆಯುತ್ತವೆ. ಶ್ರಮ ಹೆಚ್ಚಿದಂತೆ ಶರ್ಕರದ ಪಾಲು ಹೆಚ್ಚುತ್ತದೆ. ಅದರ ವಿಭಜನೆಯ ವೇಗವೂ ಹೆಚ್ಚಿ, ಲ್ಯಾಕ್ಟೇಟ್ ಎಂಬ ವಸ್ತು ಹೆಚ್ಚು ಹೆಚ್ಚಾಗಿ ಉತ್ಪನ್ನವಾಗುತ್ತದೆ. ಕಪ್ಪೆಯ ಸ್ನಾಯುಗಳು ದುಡಿದಾಗ ಲ್ಯಾಕ್ಟಿಕ್ ಆಮ್ಲ ಸಂಚಯವಾಗುವುದನ್ನೂ, ಆಮ್ಲಜನಕ ದೊರೆತಾಗ ಅದು ಕಡಿಮೆಯಾಗುವುದನ್ನೂ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ 1907ರಲ್ಲಿ ತೋರಿಸಿಕೊಟ್ಟರು. ಸ್ನಾಯುಗಳ ಶಕ್ತಿವ್ಯಾಪಾರವನ್ನು ಕುರಿತ ಸಂಶೋಧನೆಗಾಗಿ ಎ. ವಿ. ಹಿಲ್ ಮತ್ತು ಓಟ್ಟೋ ಮೇಯರ್‌ಹೋಫ್ ಅವರಿಗೆ 1922ರ ನೊಬೆಲ್ ಪಾರಿತೋಷಕ ಸಂದಿತು. ಲ್ಯಾಕ್ಟೇಟ್ ಕೇವಲ ತ್ಯಾಜ್ಯ ವಸ್ತುವೆಂಬ ಹಿಂದಿನ ಭಾವನೆ ಈಗ ಉಳಿದಿಲ್ಲ. ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ಉತ್ಪತ್ತಿಯೂ ವಿನಿಯೋಗವೂ ಸರಿದೂಗಿದಷ್ಟು ಕಾಲ ರಕ್ತದಲ್ಲಿ ಅದರ ಪ್ರಮಾಣ ಏರುವುದಿಲ್ಲ.

ಶ್ರಮವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಒಂದು ಹಂತದಲ್ಲಿ ರಕ್ತದ ಲ್ಯಾಕ್ಟೇಟ್ ವಿಶ್ರಾಂತಿಯ ಮಟ್ಟದಿಂದ ಮೇಲೇಳಲು ಆರಂಭಿಸುತ್ತದೆ. ಉಸಿರಾಟವೂ ತುಸು ಬಿರುಸಾಗುತ್ತದೆ. ಇದು ಮೊದಲ ಹೊಸ್ತಿಲು. ಇದರ ಕೆಳಗೆ ಆರೋಗ್ಯವಂತನು ಗಂಟೆಗಟ್ಟಲೆ ದುಡಿಯಬಲ್ಲನು. ಶ್ರಮ ಇನ್ನೂ ಏರಿದಾಗ ಉತ್ಪತ್ತಿಯ ವೇಗವನ್ನು ವಿನಿಯೋಗವು ಹಿಡಿಯಲಾರದ ಹಂತ ಬರುತ್ತದೆ. ಲ್ಯಾಕ್ಟೇಟ್ ಒಮ್ಮೆಲೇ ಏರುತ್ತದೆ, ಏದುಸಿರು ಬರುತ್ತದೆ. ಇದು ಎರಡನೆಯ ಹೊಸ್ತಿಲು. ಇದನ್ನು ದಾಟಿದ ಮೇಲೆ ದುಡಿಮೆ ಬಹುಕಾಲ ನಿಲ್ಲಲಾರದು. ಕೆಲವರು ಲ್ಯಾಕ್ಟೇಟಿನ ಲೀಟರಿಗೆ 4 ಮಿಲಿಮೋಲ್ ಮಟ್ಟವನ್ನು ಎರಡನೆಯ ಹೊಸ್ತಿಲೆಂದು ಗಣಿಸುವುದುಂಟು. ಆದರೆ ಅದೂ ಸರಾಸರಿಯ ಅಂಕಿಯೇ. ಇಂಥ ಹೊಸ್ತಿಲಿನ ಕಲ್ಪನೆಯನ್ನು 1964ರಲ್ಲಿ ಕಾರ್ಲ್‌ಮನ್ ವಾಸರ್‌ಮನ್ ಮತ್ತು ಮೆಕಿಲ್‌ರಾಯ್ ಅವರು ಮುಂದಿಟ್ಟದ್ದು ಕ್ರೀಡಾಪಟುಗಳಿಗಾಗಿ ಅಲ್ಲ, ಹೃದ್ರೋಗಿಗಳಿಗಾಗಿ ಎಂಬುದು ನೆನಪಿಡತಕ್ಕ ವಿಷಯ. ದುರ್ಬಲ ಹೃದಯವುಳ್ಳವನು ಎಷ್ಟು ದುಡಿಯಬಹುದು ಎಂಬ ಕಳಕಳಿಯಿಂದ ಹುಟ್ಟಿದ ವಿಚಾರ ಮುಂದೆ ಓಟದ ಬಯಲಿಗೂ ಬಂದಿತು.

ಈ ಹೊಸ್ತಿಲುಗಳನ್ನು ಅರಿತು ಪ್ರಯೋಜನವೇನು? ದೀರ್ಘ ಓಟ, ಸೈಕಲ್ ಸವಾರಿ, ದೋಣಿ ನಡೆಸುವಿಕೆ ಮೊದಲಾದವುಗಳಲ್ಲಿ ಹೆಸರಾದವರು ತಮ್ಮ ಅಭ್ಯಾಸದ ಬಹುಪಾಲನ್ನು ಮೊದಲ ಹೊಸ್ತಿಲಿನ ಕೆಳಗೇ ನಡೆಸುತ್ತಾರೆಂಬುದು ಅನೇಕ ಅಧ್ಯಯನಗಳಿಂದ ಕಂಡುಬಂದಿದೆ. ನಾರ್ವೆಯ ಕಿರಿಯ ಹಿಮಜಾರಾಟಗಾರರ ಅಭ್ಯಾಸವನ್ನು ಸೈಲರ್ ಮತ್ತು ಶೆರ್ಲಂಡ್ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ಅವರ ಅಭ್ಯಾಸದ ಸುಮಾರು ಮುಕ್ಕಾಲು ಪಾಲು ಹಗುರವಾದುದಾಗಿತ್ತು. ಎರಡು ಹೊಸ್ತಿಲುಗಳ ನಡುವೆ ಕಳೆದ ಪಾಲು ತೀರ ಸ್ವಲ್ಪ. ಇದಕ್ಕೆ ವ್ಯತಿರಿಕ್ತವಾಗಿ, ಮಾರ್ಗದರ್ಶನವಿಲ್ಲದವರು ಪ್ರತಿದಿನವೂ ನಡುವಣ ವಲಯದಲ್ಲೇ ಓಡುತ್ತಾರೆ. ಹಗುರವಾಗಿರಬೇಕಾದ ದಿನ ಹಗುರವಾಗದು. ಬಿರುಸಾಗಿರಬೇಕಾದ ದಿನ ಕಾಲಲ್ಲಿ ಕಸುವಿರದು. ತಿಂಗಳುಗಳು ಕಳೆದರೂ ಮುನ್ನಡೆ ಕಾಣದೆ ಮನಸ್ಸು ಮುರಿಯುವುದು ಇದರ ಫಲ.

ಹೊಸ್ತಿಲುಗಳನ್ನು ನಿಖರವಾಗಿ ಅಳೆಯಲು ಎರಡು ಮಾರ್ಗಗಳಿವೆ. ಓಟದ ನಡುನಡುವೆ ಬೆರಳಿನಿಂದಲೋ ಕಿವಿಯಿಂದಲೋ ರಕ್ತದ ಹನಿಯನ್ನು ತೆಗೆದು ಲ್ಯಾಕ್ಟೇಟನ್ನು ಪರೀಕ್ಷಿಸುವುದು ಒಂದು. ಮುಖಕ್ಕೆ ಮುಸುಕು ತೊಡಿಸಿ ಉಸಿರಿನ ಆಮ್ಲಜನಕ ಹಾಗೂ ಇಂಗಾಲದ ಡೈಆಕ್ಸೈಡುಗಳನ್ನು ಅಳೆಯುವುದು ಇನ್ನೊಂದು. ಎರಡಕ್ಕೂ ಪ್ರಯೋಗಶಾಲೆ, ತಜ್ಞರು ಮತ್ತು ಹಣ ಬೇಕು. ಇಂಥ ಅನುಕೂಲ ದೊಡ್ಡ ನಗರಗಳ ಕ್ರೀಡಾ ಸಂಸ್ಥೆಗಳಲ್ಲಿ ದೊರೆತೀತು. ಹಳ್ಳಿಯ ಶಾಲೆಗೆ ಅದು ದೂರದ ಮಾತು. ಹೃದಯ ಬಡಿತದ ಏರುಪೇರನ್ನು ಆಧರಿಸಿದ ವಿಧಾನಕ್ಕೆ ಮಹತ್ವ ಬಂದುದು ಇಲ್ಲಿಯೇ.

ಹೃದಯವು ಗಡಿಯಾರವಲ್ಲ

ಹೃದಯವು ನಿಮಿಷಕ್ಕೆ 60 ಬಾರಿ ಬಡಿಯುತ್ತದೆಂದರೆ ಪ್ರತಿ ಸೆಕೆಂಡಿಗೆ ಸರಿಯಾಗಿ ಒಂದು ಬಡಿತವೆಂದು ಭಾವಿಸುವುದು ಸಹಜ. ಆದರೆ ಸ್ವಸ್ಥ ಹೃದಯ ಹಾಗೆ ಬಡಿಯುವುದಿಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಣ ಅಂತರವನ್ನು ಸೆಕೆಂಡಿನ ಸಾವಿರದ ಭಾಗಗಳಲ್ಲಿ, ಅಂದರೆ ಮಿಲಿಸೆಕೆಂಡುಗಳಲ್ಲಿ ಅಳೆದರೆ 980, 1040, 1010, 955 ಹೀಗೆ ಸದಾ ಬದಲಾಗುತ್ತಿರುತ್ತದೆ. ಇದನ್ನೇ ಹೃದಯ ಬಡಿತದ ಏರುಪೇರು ಎನ್ನುತ್ತಾರೆ. ಇದು ದೋಷವಲ್ಲ, ಹೃದಯವು ದೇಹದ ಕ್ಷಣಕ್ಷಣದ ಅಗತ್ಯಕ್ಕೆ ಓಗೊಡುತ್ತಿರುವುದರ ಚಿಹ್ನೆ.

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ 1733ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕುದುರೆಯ ರಕ್ತದೊತ್ತಡಕ್ಕೂ ಉಸಿರಾಟಕ್ಕೂ ಇರುವ ಸಂಬಂಧವನ್ನು ದಾಖಲಿಸಿದ್ದನು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ತಾನೇ ರೂಪಿಸಿದ ಲೇಖನಯಂತ್ರದ ನೆರವಿನಿಂದ, ಉಸಿರನ್ನು ಒಳಗೆಳೆದಾಗ ಬಡಿತ ಚುರುಕಾಗುವುದನ್ನೂ ಹೊರಬಿಟ್ಟಾಗ ನಿಧಾನವಾಗುವುದನ್ನೂ ತೋರಿಸಿದನು. ಇದಕ್ಕೆ ಕಾರಣವಾದ ನರಗಳ ವ್ಯಾಪಾರ ಕ್ರಮೇಣ ಸ್ಪಷ್ಟವಾಯಿತು. ಹೃದಯದ ಬಲ ಹೃತ್ಕರ್ಣದಲ್ಲಿರುವ ಗತಿನಿಯಾಮಕ ಗಂಟು ತನ್ನ ಪಾಡಿಗೆ ತಾನಿದ್ದರೆ ನಿಮಿಷಕ್ಕೆ ಸುಮಾರು 100 ಬಾರಿ ಬಡಿತವನ್ನು ಎಬ್ಬಿಸುತ್ತದೆ. ಮಿದುಳಿನಿಂದ ಇಳಿದುಬರುವ ವೇಗಸ್ ನರ ಅದಕ್ಕೆ ಕಡಿವಾಣ ಹಾಕುತ್ತದೆ. ಅನುವೇದನಾ ನರಗಳು ಅದನ್ನು ಹುರಿದುಂಬಿಸುತ್ತವೆ. 1921ರಲ್ಲಿ ಓಟ್ಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯೊಂದರ ಹೃದಯದ ವೇಗಸ್ ನರವನ್ನು ಉದ್ರೇಕಿಸಿ, ಆ ಹೃದಯವನ್ನು ತೊಯ್ಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದಾಗ ಅದೂ ನಿಧಾನಗೊಂಡಿತು. ನರಗಳು ರಾಸಾಯನಿಕ ವಸ್ತುವಿನ ಮೂಲಕ ಆಜ್ಞೆ ಕಳುಹಿಸುತ್ತವೆಂದು ಹೀಗೆ ಸಿದ್ಧವಾಯಿತು. 1936ರ ನೊಬೆಲ್ ಪಾರಿತೋಷಕವನ್ನು ಲೋವಿಯು ಹೆನ್ರಿ ಡೇಲ್ ಅವರೊಂದಿಗೆ ಹಂಚಿಕೊಂಡನು.

ವೇಗಸ್ ನರದ ಆಜ್ಞೆ ಒಂದೆರಡು ಬಡಿತಗಳೊಳಗೆ ಫಲಿಸುತ್ತದೆ. ಅನುವೇದನಾ ನರಗಳದಕ್ಕೆ ಹಲವು ಸೆಕೆಂಡುಗಳು ಹಿಡಿಯುತ್ತವೆ. ಈ ಎರಡರ ಕೊಡುಕೊಳೆಯೇ ಬಡಿತದ ಏರುಪೇರಿಗೆ ಮುಖ್ಯ ಮೂಲ. ಆದುದರಿಂದಲೇ ವಿಶ್ರಾಂತಿ, ಧ್ಯಾನ, ಯೋಗಾಭ್ಯಾಸಗಳ ಪರಿಣಾಮವನ್ನು ಅಳೆಯಲು ಈ ಏರುಪೇರನ್ನು ಬಳಸುತ್ತಾರೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಆವರ್ತನ ಧ್ಯಾನವನ್ನು ಕುರಿತು 2006ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೂ ಇದೇ ಅಳತೆಗೋಲು ಆಧಾರವಾಗಿತ್ತು.

ವ್ಯಾಯಾಮ ಆರಂಭವಾದೊಡನೆ ವೇಗಸ್ ನರ ತನ್ನ ಕಡಿವಾಣವನ್ನು ಸಡಿಲಿಸುತ್ತದೆ. ಬಡಿತ ಏರುತ್ತದೆ, ಅಂತರಗಳ ಏರುಪೇರು ಕುಗ್ಗುತ್ತದೆ. ನಿಮಿಷಕ್ಕೆ 174 ಬಡಿತವಿರುವಾಗ ಅಂತರಗಳು 345, 347, 344 ಹೀಗೆ ಎರಡು ಮೂರು ಮಿಲಿಸೆಕೆಂಡುಗಳಷ್ಟು ಮಾತ್ರ ವ್ಯತ್ಯಾಸಗೊಳ್ಳಬಹುದು. ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಏರುಪೇರಿನ ಒಟ್ಟು ಪ್ರಮಾಣ ಹಗುರ ವ್ಯಾಯಾಮದಲ್ಲೇ ಬಹುಮಟ್ಟಿಗೆ ಕುಗ್ಗಿಬಿಡುವುದರಿಂದ, ಮುಂದಿನ ಹಂತಗಳನ್ನು ತೋರಿಸಲು ಅದರಲ್ಲಿ ಉಳಿಯುವುದು ಅಲ್ಪವೇ. ಬತ್ತಿದ ಕೆರೆಯಲ್ಲಿ ನೀರಿನ ಮಟ್ಟ ಇಳಿಯುವುದನ್ನು ಅಳೆಯಲು ಹೊರಟಂತೆ ಅದು. ಆದುದರಿಂದ ಏರುಪೇರಿನ ಪ್ರಮಾಣವನ್ನು ಬಿಟ್ಟು ಅದರ ವಿನ್ಯಾಸವನ್ನು ನೋಡುವುದು ಅಗತ್ಯವಾಯಿತು.

ಪ್ರಮಾಣವಲ್ಲ, ವಿನ್ಯಾಸ

ವಿನ್ಯಾಸವೆಂದರೇನು? ಎರಡು ದೃಷ್ಟಾಂತಗಳಿಂದ ಇದನ್ನು ತಿಳಿಯಬಹುದು. ನಾಣ್ಯವನ್ನು ಮತ್ತೆ ಮತ್ತೆ ಚಿಮ್ಮಿದಾಗ ಪ್ರತಿ ಸಲದ ಫಲವೂ ಸ್ವತಂತ್ರ. ಹಿಂದಿನದರ ನೆನಪು ಅದಕ್ಕಿಲ್ಲ. ಮಳೆಗಾಲದ ದಿನಗಳು ಹಾಗಲ್ಲ. ನಿನ್ನೆ ಮಳೆ ಹಿಡಿದಿದ್ದರೆ ಇಂದೂ ಮಳೆಯಾಗುವ ಸಂಭವ ಹೆಚ್ಚು. ಒಂದು ದಿನ ಮತ್ತೊಂದರ ನೆನಪನ್ನು ಇಟ್ಟುಕೊಂಡಿರುತ್ತದೆ. ಹೃದಯದ ಬಡಿತಗಳಲ್ಲಿಯೂ ಇಂಥ ನೆನಪು ಉಂಟು. ವಿಶ್ರಾಂತಿಯಲ್ಲಿ ಮತ್ತು ಹಗುರ ವ್ಯಾಯಾಮದಲ್ಲಿ ಒಂದು ಅಂತರ ಹಿಂದಿನ ಹಲವು ಅಂತರಗಳೊಡನೆ ಸಂಬಂಧವಿರಿಸಿಕೊಂಡಿರುತ್ತದೆ. ಶ್ರಮ ಹೆಚ್ಚಿದಂತೆ ಈ ಸಂಬಂಧ ಸಡಿಲಗೊಂಡು, ತೀವ್ರ ಶ್ರಮದಲ್ಲಿ ಬಡಿತಗಳ ಸಣ್ಣ ವ್ಯತ್ಯಾಸಗಳು ನಾಣ್ಯದ ಚಿಮ್ಮುವಿಕೆಯಂತೆ ಪರಸ್ಪರ ಅಪರಿಚಿತವಾಗಿಬಿಡುತ್ತವೆ.

ಈ ನೆನಪನ್ನು ಒಂದು ಅಂಕಿಯಾಗಿ ಹೇಳುವ ಗಣಿತ ವಿಧಾನವನ್ನು ಸಿ. ಕೆ. ಪೆಂಗ್ ಮತ್ತು ಸಂಗಡಿಗರು 1994ರಲ್ಲಿ ಡಿ.ಎನ್.ಎ. ಸರಣಿಗಳ ಅಧ್ಯಯನಕ್ಕಾಗಿ ರೂಪಿಸಿ, 1995ರಲ್ಲಿ ಹೃದಯ ಬಡಿತಗಳಿಗೆ ಅನ್ವಯಿಸಿದರು. ಅದರ ಕ್ರಮ ಪ್ರೌಢಶಾಲೆಯ ಗಣಿತಕ್ಕೆ ತೀರ ದೂರವಾದುದಲ್ಲ.

ಮೊದಲನೆಯದಾಗಿ, 2 ನಿಮಿಷಗಳ ಅವಧಿಯ ಬಡಿತದ ಅಂತರಗಳನ್ನು ಮಿಲಿಸೆಕೆಂಡುಗಳಲ್ಲಿ ಬರೆದುಕೊಂಡು ಅವುಗಳ ಸರಾಸರಿಯನ್ನು ಕಂಡುಹಿಡಿಯಬೇಕು.

ಎರಡನೆಯದಾಗಿ, ಪ್ರತಿ ಅಂತರದಿಂದ ಸರಾಸರಿಯನ್ನು ಕಳೆದು, ಉಳಿದ ವ್ಯತ್ಯಾಸಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋಗಬೇಕು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಜಮಾಖರ್ಚು ತೆಗೆದು ದಿನದಿನದ ಶಿಲ್ಕನ್ನು ಬರೆಯುವ ರೀತಿ ಇದು.

ಮೂರನೆಯದಾಗಿ, ಹೀಗೆ ದೊರೆತ ಶಿಲ್ಕಿನ ರೇಖೆಯನ್ನು ನಾಲ್ಕು ನಾಲ್ಕು ಬಡಿತಗಳ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಅತ್ಯಂತ ಸಮೀಪವಾಗಿ ಹಾಯುವ ಸರಳರೇಖೆಯನ್ನು ಎಳೆಯಬೇಕು. ಆ ಸರಳರೇಖೆಯಿಂದ ನಿಜವಾದ ರೇಖೆ ಎಷ್ಟೆಷ್ಟು ಸರಿದಿದೆಯೆಂಬುದನ್ನು ವರ್ಗಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಕೊಂಡರೆ ಆ ತುಂಡಿನ ಅಳತೆಗೆ ಸಲ್ಲುವ ಏರಿಳಿತ ದೊರೆಯುತ್ತದೆ.

ನಾಲ್ಕನೆಯದಾಗಿ, ಇದೇ ಕ್ರಮವನ್ನು ಐದು, ಆರು ಎಂದು ಏರಿಸುತ್ತ ಹದಿನಾರು ಬಡಿತಗಳ ತುಂಡುಗಳವರೆಗೆ ಪುನರಾವರ್ತಿಸಬೇಕು.

ಕೊನೆಯದಾಗಿ, ತುಂಡಿನ ಉದ್ದದ ಲಘುಗಣಕವನ್ನು ಅಡ್ಡಕ್ಕೂ ಏರಿಳಿತದ ಲಘುಗಣಕವನ್ನು ಲಂಬಕ್ಕೂ ಇಟ್ಟು ನಕ್ಷೆ ಬರೆಯಬೇಕು. ಬಿಂದುಗಳ ನಡುವೆ ಹಾಯುವ ಸರಳರೇಖೆಯ ಇಳಿಜಾರೇ ಬೇಕಾದ ಅಂಕಿ. ಅದಕ್ಕೆ ಆಲ್ಫಾ-1 ಎಂದು ಹೆಸರು.

ಆಲ್ಫಾ-1 ಸುಮಾರು 1.5 ಆಗಿದ್ದರೆ ಬಡಿತಗಳು ಹಿಂದಿನದಕ್ಕೆ ಬಲವಾಗಿ ಅಂಟಿಕೊಂಡು ಸಾಗಿವೆ ಎಂದರ್ಥ. 1.0 ಆಗಿದ್ದರೆ ಕ್ರಮಕ್ಕೂ ಸ್ವಾತಂತ್ರ್ಯಕ್ಕೂ ಸಮತೋಲವಿದೆ. 0.5 ಎಂದರೆ ನೆನಪು ಅಳಿಸಿಹೋಗಿದೆ. ಅದಕ್ಕೂ ಕೆಳಗಿಳಿದರೆ ದೀರ್ಘ ಅಂತರವಾದ ಮೇಲೆ ಹ್ರಸ್ವ, ಹ್ರಸ್ವವಾದ ಮೇಲೆ ದೀರ್ಘ ಎಂಬ ವಿರುದ್ಧ ಕ್ರಮ ತಲೆದೋರಿದೆ ಎಂದರ್ಥ. ಕೈಯಿಂದ ಈ ಲೆಕ್ಕ ಮಾಡುವುದು ಬೇಸರದ ಕೆಲಸ; ಗಣಕಯಂತ್ರಕ್ಕೆ ಅದು ಕ್ಷಣದ ಕೆಲಸ. ಫಿನ್ಲೆಂಡಿನ ಕುವೋಪಿಯೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕ್ಯೂಬಿಯೋಸ್ ಎಂಬ ತಂತ್ರಾಂಶವೂ, ಮೊಬೈಲ್ ಫೋನಿನಲ್ಲಿ ನಡೆಯುವ ಕೆಲವು ತಂತ್ರಾಂಶಗಳೂ ಇದನ್ನು ಮಾಡಿಕೊಡುತ್ತವೆ.

ಹೊಸ್ತಿಲಿನ ಗುರುತು

ಶ್ರಮ ಏರಿದಂತೆ ಆಲ್ಫಾ-1 ಇಳಿಯುತ್ತದೆ ಎಂಬುದು ಮೊದಲೇ ತಿಳಿದಿತ್ತು. ಬ್ರೂಸ್ ರೋಜರ್ಸ್, ಥಾಮಸ್ ಗ್ರೋನ್‌ವಾಲ್ಡ್ ಮತ್ತು ಸಂಗಡಿಗರು 2020ರ ಸುಮಾರಿಗೆ ಇನ್ನೊಂದು ಹೆಜ್ಜೆ ಮುಂದಿಟ್ಟರು. ಸಮತೋಲದ 1.0ಕ್ಕೂ ನೆನಪಳಿದ 0.5ಕ್ಕೂ ನಟ್ಟನಡುವೆ ಇರುವ 0.75ನ್ನು ಆರಿಸಿಕೊಂಡು, ಆಲ್ಫಾ-1 ಆ ಮಟ್ಟವನ್ನು ಮುಟ್ಟುವಾಗಿನ ಹೃದಯ ಬಡಿತವನ್ನು ಉಸಿರಾಟದ ಅನಿಲಗಳ ಪರೀಕ್ಷೆಯಿಂದ ಕಂಡ ಮೊದಲ ಹೊಸ್ತಿಲಿನೊಡನೆ ಹೋಲಿಸಿದರು. ಗುಂಪಿನ ಸರಾಸರಿಯಲ್ಲಿ ಎರಡೂ ಬಹುಮಟ್ಟಿಗೆ ಹೊಂದಿಕೊಂಡವು. ಆಮೇಲೆ 0.5ರ ಮಟ್ಟ ಎರಡನೆಯ ಹೊಸ್ತಿಲಿಗೆ ಸಮೀಪವಾಗಿರುವುದನ್ನೂ ತೋರಿಸಿದರು.

ಪರೀಕ್ಷೆಯ ಕ್ರಮ ಸರಳವಾದುದು. ಎದೆಗೆ ಕಟ್ಟುವ ಪಟ್ಟಿಯೊಂದು ಹೃದಯದ ವಿದ್ಯುತ್ ಸಂಕೇತವನ್ನು ಹಿಡಿದು, ನಿಸ್ತಂತುವಾಗಿ ಗಡಿಯಾರಕ್ಕೋ ಫೋನಿಗೋ ಕಳುಹಿಸುತ್ತದೆ. ಓಟಗಾರನು ಹತ್ತು ನಿಮಿಷ ಮೈ ಬಿಸಿಮಾಡಿಕೊಂಡು, ಅನಂತರ ಕೆಲವು ನಿಮಿಷಗಳಿಗೊಮ್ಮೆ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾನೆ. ಪ್ರತಿ ಹಂತದ ಕೊನೆಯ 2 ನಿಮಿಷಗಳ ಅಂತರಗಳಿಂದ ಆಲ್ಫಾ-1 ಲೆಕ್ಕಹಾಕಲಾಗುತ್ತದೆ. ವಿವರಣೆಗಾಗಿ ಕಲ್ಪಿಸಿದ ಅಂಕಿಗಳನ್ನು ತೆಗೆದುಕೊಂಡರೆ, ಒಬ್ಬನ ಬಡಿತ 120, 135, 148, 156, 168, 174 ಎಂದು ಏರಿದಾಗ ಆಲ್ಫಾ-1 ಕ್ರಮವಾಗಿ 1.15, 1.02, 0.84, 0.70, 0.52, 0.42 ಎಂದು ಇಳಿಯಿತೆನ್ನೋಣ. 148 ಮತ್ತು 156ರ ನಡುವೆ 0.84ರಿಂದ 0.70ಕ್ಕೆ, ಎಂದರೆ 0.14ರಷ್ಟು ಇಳಿದಿದೆ. 0.75ನ್ನು ಮುಟ್ಟಲು 0.09ರಷ್ಟು ಇಳಿಯಬೇಕು. ತ್ರೈರಾಶಿಯಂತೆ 8 ಬಡಿತಗಳಲ್ಲಿ ಸುಮಾರು 5; ಆದುದರಿಂದ ಮೊದಲ ಹೊಸ್ತಿಲು 153ರ ಸುಮಾರಿನಲ್ಲಿದೆ. ಹೀಗೆಯೇ 0.5ರ ಮಟ್ಟ 169ರ ಸುಮಾರಿನಲ್ಲಿ ಬರುತ್ತದೆ. ಇವನ ನಿತ್ಯದ ಓಟದ ಬಹುಪಾಲು 153ರ ಕೆಳಗೇ ಇರತಕ್ಕದ್ದು.

ಇಲ್ಲಿ ರಕ್ತ ತೆಗೆಯಬೇಕಾಗಿಲ್ಲ, ಮುಸುಕು ಬೇಡ. ಎರಡನೆಯ ಹೊಸ್ತಿಲು ಬೇಡವಾದರೆ ಓಟಗಾರನನ್ನು ಬಸವಳಿಯುವವರೆಗೆ ಓಡಿಸಬೇಕಾಗಿಯೂ ಇಲ್ಲ. ಇದೇ ಈ ವಿಧಾನದ ಮುಖ್ಯ ಗುಣ.

ಎಚ್ಚರಿಕೆಗಳು

ಗುಣವನ್ನು ಹೇಳಿದ ಮೇಲೆ ಮಿತಿಗಳನ್ನೂ ಹೇಳಬೇಕಾದುದು ಧರ್ಮ.

ಉಪಕರಣದ ತಪ್ಪಿನಿಂದ ಬರುವ ದೋಷ ಮೊದಲನೆಯದು. ಒಂದು ಬಡಿತ ದಾಖಲಾಗದೆ ತಪ್ಪಿಹೋದರೆ ಎರಡು ಅಂತರಗಳು ಸೇರಿ ಒಂದಾಗಿ ಕಾಣುತ್ತವೆ. ಎರಡು ಮೂರು ಮಿಲಿಸೆಕೆಂಡುಗಳ ವ್ಯತ್ಯಾಸವನ್ನು ಹುಡುಕುವಲ್ಲಿ ಮುನ್ನೂರು ಮಿಲಿಸೆಕೆಂಡುಗಳ ಸುಳ್ಳು ಸೇರಿದಂತಾಗುತ್ತದೆ. ಇಂಥ ದೋಷಗಳು ನೂರಕ್ಕೆ ಮೂರಕ್ಕಿಂತ ಕಡಿಮೆ ಇರುವುದು ಲೇಸು; ಐದನ್ನು ಮೀರಿದರೆ ಆ ಅಂಕಿಯನ್ನು ಬದಿಗಿಡಬೇಕು. ಎದೆಯ ಪಟ್ಟಿಯನ್ನು ನೀರಿನಿಂದ ತೇವಗೊಳಿಸಿ ಬಿಗಿಯಾಗಿ ಕಟ್ಟಬೇಕು. ಮಣಿಕಟ್ಟಿನ ಗಡಿಯಾರವು ಬೆಳಕಿನಿಂದ ರಕ್ತದ ಅಲೆಯನ್ನು ನೋಡಿ ಬಡಿತವನ್ನು ಅಂದಾಜು ಮಾಡುವುದರಿಂದ, ಕೈ ಬೀಸಿ ಓಡುವಾಗ ಈ ಸೂಕ್ಷ್ಮ ಕೆಲಸಕ್ಕೆ ಅದು ಒದಗದು.

ಎರಡನೆಯದು, ದೇಹಸ್ಥಿತಿಯ ಪ್ರಭಾವ. ಸೆಕೆ, ನೀರಡಿಕೆ, ನಿದ್ದೆಗೇಡು, ಹಿಂದಿನ ದಿನದ ದಣಿವುಗಳಿಂದ ಅಂಕಿ ಬದಲಾಗಬಹುದು. ದೀರ್ಘ ಓಟದಲ್ಲಿ ವೇಗ ಬದಲಾಗದಿದ್ದರೂ ದಣಿವೇರಿದಂತೆ ಆಲ್ಫಾ-1 ಇಳಿಯುವುದು ಕಂಡುಬಂದಿದೆ. ಇದು ಒಂದು ರೀತಿಯಲ್ಲಿ ಉಪಕಾರವೇ. ವೇಗವು ನಿನ್ನೆಯದೇ ಆಗಿದ್ದರೂ ದೇಹ ನಿನ್ನೆಯದಲ್ಲವೆಂದು ಹೃದಯವೇ ತಿಳಿಸಿದಂತಾಯಿತು.

ಮೂರನೆಯದು, 0.75 ಎಂಬುದೂ ಒಂದು ಸರಾಸರಿಯೇ. ಗುಂಪಿನ ಮಟ್ಟದಲ್ಲಿ ಹೊಂದಿಕೆಯಾದರೂ ಬಿಡಿ ವ್ಯಕ್ತಿಗಳಲ್ಲಿ ನಿಜವಾದ ಹೊಸ್ತಿಲಿಗಿಂತ ಹತ್ತು ಬಡಿತಗಳಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಅಂತರ ಬರುವುದುಂಟು. ಮೊದಲ ಪರೀಕ್ಷೆಗಳು ನಡೆದುದು ವಯಸ್ಕ ಪುರುಷರ ಮೇಲೆ. ಅನಂತರ ಸ್ತ್ರೀಯರನ್ನೂ ಹೃದ್ರೋಗಿಗಳನ್ನೂ ಕುರಿತು ಅಧ್ಯಯನಗಳು ನಡೆದಿವೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಇದನ್ನು ತೀರ್ಪೆಂದು ತಿಳಿಯದೆ ಸೂಚನೆಯೆಂದು ಮಾತ್ರ ತಿಳಿಯುವುದು ವಿವೇಕ. ಒಂದು ದಿನದ ಅಂಕಿಗಿಂತ ಹಲವು ವಾರಗಳ ಅಂಕಿಗಳ ಸಾಲು ಹೆಚ್ಚು ನಂಬಲರ್ಹ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಇದು ವ್ಯಾಯಾಮದ ಅಳತೆಗೋಲೇ ಹೊರತು ರೋಗಪರೀಕ್ಷೆಯಲ್ಲ. ಬಡಿತದ ಲಯ ಕೆಟ್ಟವರಿಗೆ, ಕೃತಕ ಗತಿನಿಯಾಮಕವನ್ನು ಅಳವಡಿಸಿಕೊಂಡವರಿಗೆ ಈ ಲೆಕ್ಕ ಸಲ್ಲದು. ಓಡುವಾಗ ಎದೆನೋವು, ತಲೆಸುತ್ತು, ಮೂರ್ಛೆ ಕಾಣಿಸಿಕೊಂಡರೆ ಯಾವ ಅಂಕಿಯನ್ನೂ ನೋಡದೆ ಓಟವನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗತಕ್ಕದ್ದು. ನಡುವಯಸ್ಸಿನಲ್ಲಿ ಹೊಸದಾಗಿ ಓಟವನ್ನು ಕೈಗೊಳ್ಳುವ ಹಿರಿಯ ವಿದ್ಯಾರ್ಥಿಗಳು ಮೊದಲು ವೈದ್ಯರ ಸಲಹೆ ಪಡೆಯುವುದು ಒಳಿತು.

ಉಪಕರಣವಿಲ್ಲದ ಕಡೆ

ಪಟ್ಟಿಯೂ ಫೋನೂ ಇಲ್ಲದ ಕಡೆ ಏನು ಮಾಡುವುದು? ಅಲ್ಲಿಯೂ ಉಪಾಯವಿದೆ. ಅಮೆರಿಕದ ವಿಸ್ಕಾನ್ಸಿನ್‌ನ ಕಾರ್ಲ್ ಫಾಸ್ಟರ್ ಮೊದಲಾದವರು ಮಾತಿನ ಪರೀಕ್ಷೆಯನ್ನು ಕುರಿತು ವಿಸ್ತಾರವಾಗಿ ಅಧ್ಯಯನ ನಡೆಸಿದ್ದಾರೆ. ಬಾಯಿಪಾಠವಾಗಿರುವ ಗದ್ಯವನ್ನೋ ಪದ್ಯವನ್ನೋ ಓಡುತ್ತಲೇ ಹೇಳಿಸಬೇಕು. ಸರಾಗವಾಗಿ ಹೇಳಬಲ್ಲವನು ಮೊದಲ ಹೊಸ್ತಿಲಿನ ಕೆಳಗಿದ್ದಾನೆ. ಹೇಳಬಲ್ಲೆನೋ ಇಲ್ಲವೋ ಎಂದು ಅನುಮಾನಿಸುತ್ತ, ನಡುನಡುವೆ ಉಸಿರಿಗಾಗಿ ತಡೆಯುವವನು ಆ ಹೊಸ್ತಿಲಿನ ಮೇಲಿದ್ದಾನೆ. ಒಂದೆರಡು ಪದಗಳಿಗಿಂತ ಹೆಚ್ಚು ಹೊರಡದವನು ಎರಡನೆಯದನ್ನು ಸಮೀಪಿಸಿದ್ದಾನೆ, ಇಲ್ಲವೇ ದಾಟಿದ್ದಾನೆ. ಪ್ರತಿದಿನ ಬೆಳಗ್ಗೆ ಸಾಮೂಹಿಕ ಪ್ರಾರ್ಥನೆ ಹೇಳುವ ಶಾಲೆಯ ಮಕ್ಕಳಿಗೆ ಇಂಥ ಪಾಠವನ್ನು ಹುಡುಕಬೇಕಾಗಿಲ್ಲ. ಅದು ನಾಲಿಗೆಯ ತುದಿಯಲ್ಲೇ ಇದೆ. ಎದೆಯ ಪಟ್ಟಿ ಇದ್ದಲ್ಲಿಯೂ ಅದರ ಅಂಕಿಯನ್ನು ಈ ಪರೀಕ್ಷೆಯೊಡನೆ ತಾಳೆ ನೋಡುವುದು ಯುಕ್ತ. ಎರಡೂ ಒಂದನ್ನೇ ಹೇಳಿದರೆ ನಂಬಿಕೆ ಹೆಚ್ಚುತ್ತದೆ. ಭಿನ್ನವಾದರೆ ಮತ್ತೊಂದು ದಿನ ಪರೀಕ್ಷಿಸುವುದು ಲೇಸು.

ಶಾಲೆಗೆ ಸಲ್ಲುವ ಪಾಠ

ಒಂದು ಪಟ್ಟಿಯನ್ನು ತಂಡದ ಎಲ್ಲರೂ ಸರದಿಯಂತೆ ಬಳಸಬಹುದು. ತಿಂಗಳಿಗೊಮ್ಮೆ ಪ್ರತಿ ವಿದ್ಯಾರ್ಥಿಯ ಮೊದಲ ಹೊಸ್ತಿಲಿನ ಬಡಿತವನ್ನೂ ಆ ಬಡಿತದಲ್ಲಿ ಆತ ಓಡಬಲ್ಲ ವೇಗವನ್ನೂ ಒಂದು ದಿನಚರಿಯಲ್ಲಿ ಬರೆದಿಟ್ಟರೆ, ವರ್ಷಾಂತ್ಯದಲ್ಲಿ ಅದು ಪದಕಗಳ ಪಟ್ಟಿಗಿಂತ ಹೆಚ್ಚು ಬೋಧಪ್ರದವಾಗುತ್ತದೆ. ಜೂನ್ ತಿಂಗಳಲ್ಲಿ ಹೊಸ್ತಿಲನ್ನು ದಾಟದೆ ಒಂದು ಕಿಲೋಮೀಟರಿಗೆ 8 ನಿಮಿಷ ತೆಗೆದುಕೊಳ್ಳುತ್ತಿದ್ದ ಹುಡುಗಿ ಡಿಸೆಂಬರಿನಲ್ಲಿ ಅಷ್ಟೇ ಬಡಿತದಲ್ಲಿ 7 ನಿಮಿಷಕ್ಕೆ ಓಡಿದರೆ ಆಕೆ ಬೆಳೆದಿದ್ದಾಳೆ. ಸ್ಪರ್ಧೆಯಲ್ಲಿ ಕೊನೆಯವಳಾಗಿ ಬಂದರೂ ಬೆಳೆದಿದ್ದಾಳೆ. ಯಾರನ್ನೂ ಸೋಲಿಸದೆ ತನ್ನ ಮುನ್ನಡೆಯನ್ನು ತಾನೇ ಕಾಣುವ ಅವಕಾಶ ಇದರಿಂದ ದೊರೆಯುತ್ತದೆ. ಗಣಿತದ ಅಧ್ಯಾಪಕರಿಗೆ ಲಘುಗಣಕವನ್ನು, ಜೀವವಿಜ್ಞಾನದ ಅಧ್ಯಾಪಕರಿಗೆ ನರಮಂಡಲವನ್ನು ಬೋಧಿಸಲು ಇದಕ್ಕಿಂತ ಸಮೀಪದ ಉದಾಹರಣೆ ಸಿಗಲಾರದು. ಪಾಠದ ವಸ್ತು ವಿದ್ಯಾರ್ಥಿಯ ಎದೆಯಲ್ಲೇ ಬಡಿಯುತ್ತಿರುತ್ತದೆ.

ಕಾಯಕವನ್ನು ಬದುಕಿನ ಕೇಂದ್ರದಲ್ಲಿಟ್ಟ ಶರಣ ಪರಂಪರೆಯು ದುಡಿಮೆಗೆ ಗೌರವವನ್ನು ಕೊಟ್ಟಿತು. ದುಡಿಯುವವರಲ್ಲಿ ಮೇಲುಕೀಳೆಂಬ ಭೇದವನ್ನು ಒಪ್ಪಲಿಲ್ಲ. ಆಟದ ಬಯಲಿನಲ್ಲಿ ಆ ಸಮಭಾವ ಎಂದರೆ ಎಲ್ಲರನ್ನೂ ಒಂದೇ ವೇಗದಲ್ಲಿ ಓಡಿಸುವುದಲ್ಲ. ಪ್ರತಿಯೊಬ್ಬರ ಶ್ರಮವನ್ನೂ ಅವರವರ ಅಳತೆಯಿಂದ ಅಳೆಯುವುದು. 220ರ ಸೂತ್ರ ಹೊರಗಿನಿಂದ ಅಂಕಿಯೊಂದನ್ನು ಹೇರುತ್ತದೆ. ಬಡಿತದ ಏರುಪೇರಿನ ವಿಧಾನ ಒಳಗಿನಿಂದ ಬಂದ ಮಾತನ್ನು ಕೇಳಲು ಯತ್ನಿಸುತ್ತದೆ, ಆಗಾಗ ತಪ್ಪಾಗಿ ಕೇಳಿಸಿಕೊಂಡರೂ. ಆ ಮಾತನ್ನು ಉಸಿರಿನೊಡನೆ, ಓಟಗಾರನ ಅನುಭವದೊಡನೆ ತಾಳೆಹಾಕಿ ನೋಡುವ ಹೊಣೆ ಅಧ್ಯಾಪಕರದು. ಸಾಲಿನ ಕೊನೆಯಲ್ಲಿ ಏದುಸಿರು ಬಿಡುತ್ತ ಬರುವ ವಿದ್ಯಾರ್ಥಿಯನ್ನು ಗದರಿಸುವ ಮೊದಲು ಆತ ಯಾವ ಹೊಸ್ತಿಲಿನ ಆಚೆಗಿದ್ದಾನೆಂದು ಒಮ್ಮೆ ವಿಚಾರಿಸುವ ರೂಢಿ ಬೆಳೆದರೆ, ಈ ವಿಜ್ಞಾನ ಶಾಲೆಗೆ ಬಂದುದು ಸಾರ್ಥಕವಾದೀತು.